ಕೇಳಿದ್ದು ಯಾರನ್ನು, ಉತ್ತರಿಸಿದ್ದು ಯಾರು?

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಲಾಕ್‌ಡೌನ್ ಘೋಷಣೆಯಾಯಿತು, ಹನ್ನೆರಡು ಗಂಟೆಗೆ ದೇಶ ಮುಚ್ಚಿತು. ಮುಚ್ಚುವಾಗ ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆದರೆ ತೆರೆಯುವ ಸಮಯ ಬಂದಾಗ ದೆಹಲಿ ಸರಕಾರವು ಜನರನ್ನು ಕೇಳಿತು. ವರ್ಷಗಳು ಕಳೆದ ಮೇಲೆ ಅದರ ಚರ್ಚೆ ಏಕೆ ಎನ್ನಬೇಡಿ. ಸಾಂಕ್ರಾಮಿಕ ರೋಗ ಮತ್ತೆ ಬಾರದೆಂದು ಭರವಸೆ ಕೊಡುವವರು ಯಾರೂ ಇಲ್ಲ. ಪಾಠ ಕಲಿಯಲು ಬಿಡುವಿನ ಕಾಲವೇ ಸೂಕ್ತ.

ಆ ವರ್ಷದ ಮೇ 12ರಂದು ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಅವರು, ಮೇ 17ರ ಬಳಿಕ ಯಾವುದನ್ನು ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ಜನರ ಸಲಹೆ ಕೇಳಿದರು. ಮರುದಿನ ಸಂಜೆ ಐದರ ವರೆಗಿನ ಅವಧಿಯಲ್ಲಿ 5 ಲಕ್ಷಕ್ಕೂ ಹೆಚ್ಚು ಸಲಹೆಗಳು ಬಂದವು. ಅವುಗಳಲ್ಲಿ ಬಹುಪಾಲು ವಾಟ್ಸ್ಆಪ್ ಸಂದೇಶಗಳು. ಫೋನ್ ಕರೆಗಳು ಸುಮಾರು 39,000. ಆಳುವವರು ಜನರ ಮುಂದೆ ಪ್ರಶ್ನೆಯಿಟ್ಟದ್ದು ನಿಸ್ಸಂದೇಹವಾಗಿ ಪ್ರಶಂಸಾರ್ಹ.

ಆದರೆ ಉತ್ತರಗಳನ್ನು ಗಮನಿಸಿ. ಶಾಲೆ, ಚಿತ್ರಮಂದಿರ, ಈಜುಕೊಳಗಳ ಜೊತೆಗೆ ಕ್ಷೌರದಂಗಡಿಗಳೂ ತೆರೆಯಬಾರದು ಎಂಬುದು ಹೆಚ್ಚಿನವರ ಅಭಿಪ್ರಾಯವಾಗಿತ್ತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಈಜುಕೊಳ ಮುಚ್ಚಿದರೆ ಈಜುವವನಿಗೆ ಮನರಂಜನೆ ತಪ್ಪುತ್ತದೆ, ಕ್ಷೌರದಂಗಡಿ ಮುಚ್ಚಿದರೆ ಕ್ಷೌರಿಕನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕೂದಲು ಕತ್ತರಿಸುವವನ ಅಭಿಪ್ರಾಯವೂ ಕತ್ತರಿಸಿಕೊಳ್ಳುವವನ ಅಭಿಪ್ರಾಯವೂ ಒಂದೇ ರಾಶಿಯಲ್ಲಿ ಬಿದ್ದಾಗ ಯಾರ ಧ್ವನಿ ಕೇಳೀತು? ಅಂಗಡಿ ಮುಚ್ಚಬೇಕೇ ಎಂಬ ಪ್ರಶ್ನೆಯ ಬೆನ್ನಿಗೇ, ಮುಚ್ಚಿದರೆ ಆ ಮನೆಯ ಅನ್ನದ ಹೊಣೆ ಯಾರದು ಎಂದೂ ಕೇಳಬೇಕು. ಅದೇ ಮೇ 6ರಂದು ಕರ್ನಾಟಕ ಸರಕಾರವು 2,30,000 ಕ್ಷೌರಿಕರಿಗೆ ಹಾಗೂ 60,000 ಅಗಸರಿಗೆ ತಲಾ 5,000 ರೂಪಾಯಿ ಘೋಷಿಸಿತ್ತು. ಮೊತ್ತ ಚಿಕ್ಕದು. ಆದರೂ ಮುಚ್ಚಿಸಿದವರಿಗೆ ಋಣವಿದೆಯೆಂಬ ತತ್ವವನ್ನು ಅದು ಒಪ್ಪಿಕೊಂಡಿತು.

ಜೂನ್ ಆರಂಭದಲ್ಲಿ ದೆಹಲಿ ಸರಕಾರ ಮತ್ತೊಂದು ಪ್ರಶ್ನೆಯಿಟ್ಟಿತು: ನಗರದ ಗಡಿ ತೆರೆದರೆ ಆಸ್ಪತ್ರೆಗಳು ದೆಹಲಿಯವರಿಗೆ ಮಾತ್ರ ಮೀಸಲಾಗಬೇಕೇ? ಏಳೂವರೆ ಲಕ್ಷ ಮಂದಿ ಉತ್ತರಿಸಿದರು, ಶೇ. 90ರಷ್ಟು ಜನ ಹೌದೆಂದರು ಎಂದು ಸರಕಾರ ತಿಳಿಸಿತು. ಜೂನ್ 7ರಂದು ಹಾಗೆಯೇ ತೀರ್ಮಾನವಾಯಿತು. ಮರುದಿನವೇ ಉಪರಾಜ್ಯಪಾಲ ಅನಿಲ್ ಬೈಜಲ್ ಅವರು ಅದನ್ನು ರದ್ದುಪಡಿಸಿದರು. ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿರುವ ಜೀವಿಸುವ ಹಕ್ಕಿನ ಭಾಗವೆಂಬುದು ಅವರು ನೀಡಿದ ಕಾರಣ. ಚುನಾಯಿತ ಸರಕಾರದ ತೀರ್ಮಾನವನ್ನು ನೇಮಕಗೊಂಡವರು ತಳ್ಳಿಹಾಕುವುದು ಸರಿಯೇ ಎಂಬುದು ಬೇರೆ ಚರ್ಚೆ. ಆದರೆ ಆ ಕಾರಣ ಸರಿಯಾಗಿತ್ತು. ಆಸ್ಪತ್ರೆಯ ಒಳಗಿರುವವರನ್ನು ಕೇಳಿ ಹೊರಗಿನ ರೋಗಿಗೆ ಬಾಗಿಲು ಮುಚ್ಚುವುದು ಸಮಾಲೋಚನೆಯಲ್ಲ. ಮನುಷ್ಯನ ಜೀವದ ಹಕ್ಕನ್ನು ಬಹುಮತಕ್ಕೆ ಹಾಕುವಂತಿಲ್ಲ.

ಈ ಸತ್ಯ ನಮಗೆ ಇನ್ನಷ್ಟು ಚೆನ್ನಾಗಿ ಅರ್ಥವಾಗಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ ಮುಸ್ಲಿಮ್ ತರಕಾರಿ ವ್ಯಾಪಾರಿಗಳನ್ನು ಬಹಿಷ್ಕರಿಸುವ ಕರೆಗಳು ದೇಶದ ಹಲವೆಡೆ ಕೇಳಿಬಂದವು. ಆ ದಿನಗಳಲ್ಲಿ ಅವರ ತಳ್ಳುಗಾಡಿಗಳ ಭವಿಷ್ಯವನ್ನು ವಾಟ್ಸ್ಆಪ್ ಸಂದೇಶಗಳ ಎಣಿಕೆಯಿಂದ ತೀರ್ಮಾನಿಸಿದ್ದರೆ ಏನಾಗುತ್ತಿತ್ತು?

ಕೆಲವರನ್ನು ಮಾತ್ರ ಕೇಳುವುದು ಇನ್ನೊಂದು ಬಗೆಯ ಅನ್ಯಾಯ. ನಮ್ಮ ರಾಜ್ಯದಲ್ಲೇ, 2020ರ ಮೇ 5ರಂದು ಕಟ್ಟಡ ನಿರ್ಮಾಣ ಉದ್ಯಮಿಗಳು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಭೇಟಿಯಾದರು. ಅದರ ಬೆನ್ನಿಗೇ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳನ್ನು ರದ್ದುಪಡಿಸುವಂತೆ ಸರಕಾರ ರೈಲ್ವೆಗೆ ಬರೆಯಿತು. ಆರ್ಥಿಕತೆ ತೆರೆಯಲು ಕಾರ್ಮಿಕರು ಬೇಕಿತ್ತು. ಆದರೆ ಅವರ ಇಚ್ಛೆಯನ್ನು ಅವರಿಂದಲೇ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ದೇಶದಾದ್ಯಂತ ಟೀಕೆ ಎದ್ದ ಬಳಿಕ ಎರಡೇ ದಿನಗಳಲ್ಲಿ ಸರಕಾರ ಆ ನಿರ್ಧಾರದಿಂದ ಹಿಂದೆ ಸರಿಯಿತು.

ಇದಕ್ಕೆ ವ್ಯತಿರಿಕ್ತವಾದ ಒಂದು ನಿದರ್ಶನವೂ ದೆಹಲಿಯಲ್ಲಿದೆ. ಜೂನ್ 8ರಂದು ಆರಾಧನಾಲಯಗಳು ತೆರೆದಾಗ ಜಾಮಾ ಮಸೀದಿಯೂ ತೆರೆಯಿತು. ಸೋಂಕು ಏರುತ್ತಿರುವುದನ್ನು ಕಂಡು ಶಾಹಿ ಇಮಾಮರು ಜನರ ಅಭಿಪ್ರಾಯ ಕೇಳಿದರು, ಉಲಮಾಗಳೊಂದಿಗೆ ಸಮಾಲೋಚಿಸಿದರು. ಜೂನ್ 11ರ ಸಂಜೆಯಿಂದ ತಿಂಗಳ ಕೊನೆಯವರೆಗೆ ಸಾಮೂಹಿಕ ನಮಾಝನ್ನು ನಿಲ್ಲಿಸಿದರು. ಸರಕಾರ ಅನುಮತಿ ಕೊಟ್ಟಿತ್ತು, ಆದರೂ ಮುಚ್ಚಿದರು. ಇಲ್ಲಿ ಪ್ರಶ್ನೆಯನ್ನು ಇಟ್ಟದ್ದು ನಷ್ಟವನ್ನೂ ಅಪಾಯವನ್ನೂ ತಾವೇ ಹೊರುವವರ ಮುಂದೆ. ಸಮಾಲೋಚನೆಯೆಂದರೆ ಹೀಗಿರಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ಸರಕಾರ ಕೇಳುವ ವರೆಗೆ ಕಾಯಬೇಕಿಲ್ಲ. ಒಂದು ದಿನದ ಗಡುವಿನಲ್ಲಿ ಬೀಡಿ ಸುತ್ತುವ ತಾಯಿ, ಗ್ಯಾರೇಜಿನ ಹುಡುಗ, ಮನೆಯಲ್ಲೇ ಬಟ್ಟೆ ಹೊಲಿಯುವ ಸಹೋದರಿ ಸಂದೇಶ ಕಳುಹಿಸಲಾರರು. ಪ್ರತಿ ಮೊಹಲ್ಲಾದಲ್ಲಿ ದಿನಗೂಲಿಯವರೆಷ್ಟು, ಯಾರ ಕಸುಬು ಏನು, ಯಾರ ಬಳಿ ಪಡಿತರ ಚೀಟಿ ಇಲ್ಲ ಎಂಬ ಪಟ್ಟಿ ಇಂದೇ ಸಿದ್ಧವಾಗಲಿ. ಅದರಲ್ಲಿ ನೆರೆಯ ಎಲ್ಲ ಸಮುದಾಯಗಳ ಬಡವರ ಹೆಸರೂ ಇರಲಿ. ವಿದ್ಯಾವಂತ ಯುವಕ ಯುವತಿಯರು ಅವರ ಮಾತನ್ನು ಅವರದೇ ಮಾತಿನಲ್ಲಿ ಬರೆದು ನಗರಸಭೆಗೂ ಜಿಲ್ಲಾಧಿಕಾರಿಗೂ ತಲುಪಿಸಲಿ. ಬಂದ ಸಲಹೆಗಳಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಏಕೆ ಎಂದು ಅಧಿಕಾರಿಗಳನ್ನು ಕೇಳಲಿ.

ಬಂಧುಗಳೇ, ಬಾಗಿಲು ಮುಚ್ಚಿದಾಗ ಮೊದಲು ಹಸಿದವನು ತೆರೆಯುವಾಗ ಕೊನೆಯಲ್ಲಿ ನಿಲ್ಲಬಾರದು. ಅವನಿಗೆ ಮಾತನಾಡುವ ಅವಕಾಶ ದೊರಕಿಸುವುದು ನಮ್ಮೆಲ್ಲರ ಹೊಣೆ. ಆ ಹೊಣೆಯನ್ನು ಅರಿತು ಇಂದೇ ಕೆಲಸ ಆರಂಭಿಸೋಣ ಎಂದು ವಿನಂತಿಸುತ್ತಾ ಮಾತು ಮುಗಿಸುತ್ತೇನೆ.