ಗೋಡೆಯ ಮೇಲಿನ ಪಟ್ಟಿ
(ಐದು ತಾಲ್ಲೂಕುಗಳ ವಕೀಲರ ಸಮಾವೇಶದ ಅಧ್ಯಕ್ಷ ಭಾಷಣ)

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವಕೀಲ ಬಂಧುಗಳೆ, ಹಿಂದಿನ ಸಾಲಿನಲ್ಲಿ ಕುಳಿತ ತಾಯಂದಿರೆ,



ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತರು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ದತ್ತಾಂಶ ಇಟ್ಟುಕೊಂಡವರ ಮುಖ್ಯ ಹೊಣೆಗಳು ಜಾರಿಯಾಗುವುದು 2027ರ ಮೇ ತಿಂಗಳಿಗೆ. ಇಷ್ಟಾದರೂ ನಮ್ಮ ಸೀಮೆಯ ಮಾಜಿ ದೇವದಾಸಿ ತಾಯಂದಿರ ಗುಟ್ಟು ಬಯಲಲ್ಲೇ ಬಿದ್ದಿದೆ.

ವರ್ಷಗಳಿಂದ ನಾನು ಜಗಳವಾಡುತ್ತಿರುವುದು ಇದೊಂದಕ್ಕೇ. 1982ರ ಕಾಯ್ದೆ ಮುತ್ತು ಕಟ್ಟಿ ದೇವದಾಸಿಯಾಗಿಸುವುದನ್ನು ನಿಷೇಧಿಸಿತು. 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ 46,660 ಮಹಿಳೆಯರನ್ನು ಗುರುತಿಸಿದವು. ಮಾಸಾಶನ ಬೇಕೆಂದರೆ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿರಬೇಕು, ಸರಿ. ಹೆಸರಿದ್ದವಳ ಕಥೆ ಊರಿಗೆಲ್ಲ ಯಾಕೆ ಗೊತ್ತಾಗಬೇಕು? ನಾನು ಕಂಡ ಒಂದು ಕಚೇರಿಯಲ್ಲಿ ಪಟ್ಟಿಯನ್ನು ಗೋಡೆಗೇ ಅಂಟಿಸಿದ್ದರು. ಸಂಜೆಯೊಳಗೆ ಅದರ ಫೋಟೊ ವಾಟ್ಸಾಪಿನಲ್ಲಿ ಹರಿದಾಡಿತು, ಒಬ್ಬ ತಾಯಿಯ ಮಗಳಿಗೆ ಕೂಡಿಬಂದ ಸಂಬಂಧ ಮುರಿದುಬಿತ್ತು. ಆಕ್ಷೇಪಿಸಿದರೆ, ‘ಪಾರದರ್ಶಕತೆ ಬೇಕಲ್ರೀ’ ಎಂದರು.

ಈ ತಾಯಿಗೆ ಹೊಸ ದತ್ತಾಂಶ ಕಾಯ್ದೆಯಿಂದ ಏನು ಸಿಗುತ್ತದೆ? ಅದು ಡಿಜಿಟಲ್ ದತ್ತಾಂಶಕ್ಕೆ ಮಾತ್ರ ಅನ್ವಯ. ಗೋಡೆಯ ಮೇಲಿನ ಕಾಗದ ಅದರ ಕೈಗೆ ಸಿಗುವುದಿಲ್ಲ. ಸೌಲಭ್ಯ ಕೊಡುವ ಸರ್ಕಾರ ಆಕೆಯ ಒಪ್ಪಿಗೆಯನ್ನು ಕೇಳಲೇಬೇಕೆಂದಿಲ್ಲ. ಜಾತಿ, ಲೈಂಗಿಕ ಬದುಕು ಇವನ್ನು ಸೂಕ್ಷ್ಮ ದತ್ತಾಂಶವೆಂದು 2019ರ ಮಸೂದೆ ಬೇರೆ ಇಟ್ಟಿತ್ತು, ಯುರೋಪಿನ ಕಾನೂನಿನಲ್ಲೂ ಇಂಥ ಪ್ರತ್ಯೇಕ ವರ್ಗವಿದೆ. 2023ರಲ್ಲಿ ಅದನ್ನು ಕೈಬಿಟ್ಟರು. ಹಾಗಾಗಿ ಒಬ್ಬಾಕೆ ದೇವದಾಸಿಯಾಗಿದ್ದಳೆಂಬ ಸಂಗತಿಗೂ ಆಕೆಯ ಮೊಬೈಲ್ ನಂಬರಿಗೂ ಕಾಯ್ದೆಯಲ್ಲಿ ಒಂದೇ ಬೆಲೆ. ದಂಡ 250 ಕೋಟಿ ರೂಪಾಯಿಯವರೆಗೆ ಇದೆ ಎಂದು ಹೊಗಳುವವರಿಗೆ ಹೇಳುತ್ತೇನೆ: ಆ ಹಣ ಖಜಾನೆಗೆ ಹೋಗುತ್ತದೆ, ನೊಂದವಳಿಗೆ ಪರಿಹಾರವಾಗಿ ಒಂದು ರೂಪಾಯಿಯೂ ಇಲ್ಲ. ಹುರುಳಿಲ್ಲದ ದೂರು ಕೊಟ್ಟಳೆಂದು ದೂರು ವಿಚಾರಿಸುವ ದತ್ತಾಂಶ ಮಂಡಳಿ ಎಣಿಸಿದರೆ ಆಕೆಗೇ ಹತ್ತು ಸಾವಿರದವರೆಗೆ ದಂಡ!

ಇನ್ನು ಮಾಹಿತಿ ಹಕ್ಕಿನಡಿ ಸರ್ಕಾರಿ ಕಾಮಗಾರಿಯ ಗುತ್ತಿಗೆದಾರನ ಬಿಲ್ಲಿನ ನಕಲು ಕೇಳಿ ನೋಡಿ, ‘ವೈಯಕ್ತಿಕ ಮಾಹಿತಿ’ ಎಂಬ ಹಿಂಬರಹ ಬರುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ನಲ್ಲಿದ್ದ ಸಾರ್ವಜನಿಕ ಹಿತದ ಮಾತನ್ನು 2023ರ ಕಾಯ್ದೆಯ 44(3)ನೇ ಕಲಂ ಕಿತ್ತುಹಾಕಿದೆ. ಅದೇ ಹಿತದ ಮಾತಿರುವ 8(2) ಇನ್ನೂ ಉಳಿದಿದೆ, ಮೇಲ್ಮನವಿಯಲ್ಲಿ ಅದನ್ನು ಹಿಡಿದು ವಾದಿಸಿ. ಬಡವಳ ಬದುಕು ಗೋಡೆಯ ಮೇಲೆ, ಸರ್ಕಾರದ ದುಡ್ಡಿನ ಲೆಕ್ಕ ಬೀರುವಿನೊಳಗೆ: ಇದನ್ನು ನಾನು ಖಾಸಗಿತನವೆಂದು ಒಪ್ಪುವುದಿಲ್ಲ.

ಹಿಂದೊಮ್ಮೆ ಈ ತಾಯಂದಿರ ಗೌಪ್ಯತೆಯ ಬಗ್ಗೆ ಇದೇ ಸಮಾವೇಶಕ್ಕೆ ಠರಾವು ತಂದಾಗ, ‘ಇದು ಸಮಾಜ ಕಲ್ಯಾಣದ ವಿಷಯ, ವಕೀಲರದ್ದಲ್ಲ’ ಎಂದು ಬದಿಗಿಟ್ಟರು. ಹಾಗೆಂದವರು ಈ ಸಭೆಯಲ್ಲೂ ಇದ್ದಾರೆ. ಆ ನೋವು ನನಗಿನ್ನೂ ಆರಿಲ್ಲ.

ಈಗ ಮಾಡಬೇಕಾದದ್ದು. 2025ರಲ್ಲಿ ನಮ್ಮ ವಿಧಾನಮಂಡಲ ಅಂಗೀಕರಿಸಿದ ದೇವದಾಸಿ ಮಸೂದೆಯ ಪ್ರಕಾರ ಅರ್ಜಿಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಐದೂ ತಾಲ್ಲೂಕಿನ ಶಾಲೆ, ನಾಡಕಚೇರಿಗಳ ಅರ್ಜಿ ನಮೂನೆ ತರಿಸಿ ನೋಡೋಣ. ಹೆಸರಿಗಾಗಿ ಪಟ್ಟು ಹಿಡಿಯುವ ಕಚೇರಿಗೆ ತಿಂಗಳೊಳಗೆ ನೋಟಿಸು ಕೊಡೋಣ. ಪಟ್ಟಿ ಪ್ರಕಟಿಸಲೇಬೇಕಾದರೆ ಹೆಸರಿನ ಬದಲು ಅರ್ಜಿ ಸಂಖ್ಯೆ ಇರಲಿ. ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮಾಹಿತಿ ಕೊಡುವುದು ಕಡ್ಡಾಯವಲ್ಲ, ಕೊಟ್ಟದ್ದು ಗೌಪ್ಯವಾಗಿರಬೇಕು ಎಂದು ಹೈಕೋರ್ಟು 2025ರ ಸೆಪ್ಟೆಂಬರ್ 25ರಂದು ಮಧ್ಯಂತರ ಆದೇಶ ಕೊಟ್ಟಿದೆ. ಗೌಪ್ಯತೆಯ ವಾದಕ್ಕೆ ಅದರ ಪ್ರತಿ ನಿಮ್ಮ ಚೀಲದಲ್ಲಿರಲಿ. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೇ ಪಡೆಯುವ ಆಯ್ಕೆ 2023ರ ದತ್ತಾಂಶ ಕಾಯ್ದೆಯಲ್ಲೇ ಇದೆ, ಜಾರಿಯಾದ ದಿನದಿಂದಲೇ ಕೇಳಿ. ಸಂಸತ್ತು ಸೂಕ್ಷ್ಮ ದತ್ತಾಂಶದ ವರ್ಗವನ್ನು ಮರಳಿ ತರಬೇಕು, ದೆಹಲಿಯ ದತ್ತಾಂಶ ಮಂಡಳಿ ವರ್ಷಕ್ಕೊಮ್ಮೆಯಾದರೂ ಹೊಸಪೇಟೆಯಲ್ಲಿ ಕೂರಬೇಕು ಎಂಬುದೂ ನನ್ನ ಆಸೆ.

ಮಧ್ಯಾಹ್ನದ ಗೋಷ್ಠಿಯಲ್ಲಿ ಮೊದಲು ಈ ಠರಾವನ್ನೇ ಮತಕ್ಕೆ ಹಾಕುತ್ತೇನೆ. ಮುಂದೂಡುವ ಸಲಹೆಗೆ ಈ ಸಲ ಅವಕಾಶವಿಲ್ಲ. ವಿರೋಧವಿರುವವರು ಎದ್ದು ನಿಂತು, ಈ ತಾಯಂದಿರ ಎದುರಿಗೇ ಕಾರಣ ಹೇಳಬೇಕು.