ಹಣಕ್ಕಿಂತ ಮೊದಲು ವಿಶ್ವಾಸ: ಕರಾವಳಿಯ ಬ್ಯಾಂಕುಗಳು ಕಲಿಸುವ ಪಾಠ

(ವರ್ತಕರು ಮತ್ತು ವೃತ್ತಿಪರರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಭಿವೃದ್ಧಿ ಎಂಬ ಪದ ಕೇಳಿದೊಡನೆ ನಮ್ಮ ದೃಷ್ಟಿ ಎರಡು ಕಡೆಗೆ ಹೊರಳುತ್ತದೆ. ಒಂದು, ವಿಧಾನಸೌಧದ ಕಡೆಗೆ. ಇನ್ನೊಂದು, ಎಲ್ಲಿಂದಲೋ ಬರಬೇಕಾದ ದೊಡ್ಡ ಬಂಡವಾಳಗಾರನ ಕಡೆಗೆ. ಸರಕಾರ ಯೋಜನೆ ಘೋಷಿಸಬೇಕು, ಕಂಪೆನಿ ಕಾರ್ಖಾನೆ ತೆರೆಯಬೇಕು, ನಮ್ಮ ಮಕ್ಕಳಿಗೆ ಉದ್ಯೋಗ ಸಿಗಬೇಕು. ಈ ನಿರೀಕ್ಷೆ ತಪ್ಪೆಂದು ನಾನು ಹೇಳುವುದಿಲ್ಲ. ರಸ್ತೆ, ಬಂದರು, ವಿದ್ಯುತ್ತನ್ನು ಒದಗಿಸುವುದು ಸರಕಾರದ ಹೊಣೆ. ಆದರೆ ಕಾಯುವುದೇ ಒಂದು ನಾಡಿನ ಅರ್ಥನೀತಿಯಾಗಿಬಿಟ್ಟರೆ ಆ ನಾಡಿನ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯ ಚರಿತ್ರೆಯ ಪುಟಗಳನ್ನು ತೆರೆದರೆ ಸಾಕು.

ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ್ದು 1974ರಲ್ಲಿ. ಅದಕ್ಕೂ ಸುಮಾರು ಏಳು ದಶಕಗಳ ಮೊದಲು, ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದ ಒಂದು ಅಂಚಿನ ಜಿಲ್ಲೆಯಾಗಿದ್ದ ಕಾಲದಲ್ಲಿ, ಇಲ್ಲಿ ವ್ಯಾಪಾರವಿತ್ತು, ದುಡಿಯುವ ಕೈಗಳಿದ್ದವು. ಇಲ್ಲದಿದ್ದುದು ಸಣ್ಣವನಿಗೆ ಸಿಗುವ ಸಾಲ. ಅಂಗಡಿಯವನಾಗಲಿ, ರೈತನಾಗಲಿ, ನೇಕಾರನಾಗಲಿ ತುರ್ತಿಗೆ ಲೇವಾದೇವಿಗಾರನ ಬಾಗಿಲು ತಟ್ಟಬೇಕಾಗಿತ್ತು. ಒಮ್ಮೆ ಆ ಬಾಗಿಲು ತಟ್ಟಿದವನು ಅನೇಕ ವೇಳೆ ತನ್ನ ಮನೆಯ ಬಾಗಿಲನ್ನೇ ಕಳೆದುಕೊಳ್ಳುತ್ತಿದ್ದನು.

ಇಂತಹ ಸಂದರ್ಭದಲ್ಲಿ, 1906ರ ಮಾರ್ಚ್ 12ರಂದು, ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ದೇಶದ ಉದ್ದಗಲಕ್ಕೂ ಪರಿಚಿತವಾದುದು ಇದೇ ಸಂಸ್ಥೆ. ಅದರ ಮುಂಚೂಣಿಯಲ್ಲಿ ನಿಂತವರು ಉಡುಪಿಯ ವರ್ತಕ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಅಂತ್ಯಕ್ಕೆ ಸಂಗ್ರಹವಾದುದು 38 ರೂಪಾಯಿ 13 ಆಣೆ 2 ಪೈ. ಈ ಮೊತ್ತವನ್ನು ಕೇಳಿ ಇಂದು ನಾವು ನಗಬಹುದು. ಆದರೆ ಅಂದು ಸಾರ್ವಜನಿಕರ ಮುಂದಿಟ್ಟ ಮನವಿಯಲ್ಲಿ ಸಂಸ್ಥಾಪಕರು ಏನು ಹೇಳಿದ್ದರೆಂಬುದನ್ನು ಗಮನಿಸಿ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲೂ ಮಿತವ್ಯಯವನ್ನು ಬೆಳೆಸುವುದು ಒಂದು ಗುರಿಯಾದರೆ, ಆ ಎಲ್ಲ ವರ್ಗಗಳ ನಡುವೆ ಸಹಕಾರವನ್ನು ಬೆಳೆಸುವುದು ಇನ್ನೊಂದು ಗುರಿಯಾಗಿತ್ತು. ಹಣ ಕೂಡಿಸುವುದು ಮತ್ತು ಜನರನ್ನು ಕೂಡಿಸುವುದು ಒಂದೇ ಕೆಲಸದ ಎರಡು ಭಾಗಗಳೆಂದು ಅವರು ತಿಳಿದಿದ್ದರು. ಉಡುಪಿಯಲ್ಲಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ದಾನ ನೀಡಿದವರೂ ಇದೇ ಹಾಜಿ ಅಬ್ದುಲ್ಲಾ ಸಾಹೇಬರೆಂಬುದನ್ನು ಇದರ ಜೊತೆಗೆ ನೆನಪಿಡಬೇಕು.

ಅದೇ ವರ್ಷ ಜುಲೈಯಲ್ಲಿ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ನಿಧಿಯನ್ನು ಸ್ಥಾಪಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಇಲ್ಲೊಂದು ಸೂಕ್ಷ್ಮವಿದೆ. ಬ್ಯಾಂಕಿಗಿಂತ ಹದಿನೈದು ವರ್ಷ ಮೊದಲೇ, 1891ರಲ್ಲಿ, ಅವರು ಕೆನರಾ ಹೈಸ್ಕೂಲನ್ನು ಆರಂಭಿಸಿದ್ದರು. 1894ರಲ್ಲಿ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಶಾಲೆ ತೆರೆದಿದ್ದರು. ಅಂದರೆ ಮೊದಲು ಶಾಲೆ, ಬಳಿಕ ಬ್ಯಾಂಕು. ಓದು ಬಾರದವನ ಕೈಗೆ ಸಾಲ ಕೊಟ್ಟರೆ ಅದು ಇನ್ನೊಂದು ಸಂಕೋಲೆಯಾದೀತೆಂಬ ಎಚ್ಚರವನ್ನು ಈ ಕ್ರಮದಲ್ಲಿ ನಾವು ಓದಬಹುದು.

1925ರಲ್ಲಿ ಉಡುಪಿಯಲ್ಲಿ ಮೂವರು ಒಟ್ಟಾದರು. ಉಪೇಂದ್ರ ಅನಂತ ಪೈಯವರು ವ್ಯಾಪಾರಿ, ವಾಮನ ಕುಡ್ವರು ಇಂಜಿನಿಯರ್, ಟಿ.ಎಂ.ಎ. ಪೈಯವರು ವೈದ್ಯ. ಕೈಮಗ್ಗದ ಉದ್ಯಮ ಕುಸಿದು ನೇಕಾರರ ಮನೆಗಳಲ್ಲಿ ಒಲೆ ಆರಿದ್ದ ಕಾಲವದು. ಆ ನೇಕಾರರಿಗೆ ಆಸರೆಯಾಗಲೆಂದು 8,000 ರೂಪಾಯಿ ಬಂಡವಾಳದೊಂದಿಗೆ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ಅದುವೇ ಮುಂದೆ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಈ ಸಂಸ್ಥೆ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಏಜೆಂಟನು ದಿನವೂ ಮನೆ ಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದನು. ಬ್ಯಾಂಕಿನ ಮೆಟ್ಟಿಲೇರಲು ಅಂಜುವವನ ಬಳಿಗೆ ಬ್ಯಾಂಕೇ ನಡೆದುಬಂದಿತು. ದಿನಗೂಲಿಯವನೂ ಉಳಿತಾಯ ಮಾಡಬಲ್ಲನೆಂದು ಜಗತ್ತಿಗೆ ತೋರಿಸಿದ್ದು ಅರ್ಥಶಾಸ್ತ್ರದ ಗ್ರಂಥಗಳಲ್ಲ, ಆ ಏಜೆಂಟನ ಕೈಯಲ್ಲಿದ್ದ ಪುಟ್ಟ ಪುಸ್ತಕ. ಅದೇ ವೈದ್ಯರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಕಟ್ಟಿದರು.

ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟಿಯವರ ನೇತೃತ್ವದಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಪುತ್ತೂರಿನಲ್ಲಿ ವಕೀಲ ಮೊಳಹಳ್ಳಿ ಶಿವರಾಯರು ಸಹಕಾರಿ ಚಳವಳಿಗೆ ಬುನಾದಿ ಹಾಕಿದರು. ಅಡಿಕೆ ಬೆಳೆಗಾರರು ಬೆಲೆಕುಸಿತದಿಂದ ಕಂಗೆಟ್ಟಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. ಕೊಕ್ಕೊ ಬೆಳೆಗೆ ಕೊಳ್ಳುವವರಿಲ್ಲವಾದಾಗ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನು ಸ್ಥಾಪಿಸಿತು. 1986ರಲ್ಲಿ ಅದು ಉದ್ಘಾಟನೆಗೊಂಡಿತು.

ಬಂಧುಗಳೇ, ಈ ಎಲ್ಲ ಸಂಸ್ಥೆಗಳಲ್ಲಿ ಸಮಾನವಾಗಿರುವ ಅಂಶವೇನು? ಒಂದನೆಯದು, ಸಣ್ಣ ಹಣದ ಮೇಲಿನ ಗೌರವ. ಎರಡನೆಯದು, ವ್ಯಾಪಾರಿ, ವಕೀಲ, ವೈದ್ಯ, ರೈತ ಹೀಗೆ ಭಿನ್ನ ವೃತ್ತಿಯವರು ತಂತಮ್ಮ ತಿಳುವಳಿಕೆಯನ್ನು ಒಂದೇ ಮೇಜಿನ ಮೇಲೆ ತಂದಿಟ್ಟದ್ದು. ಮೂರನೆಯದು, ಯಾರೂ ಬಂದು ಪರಿಶೀಲಿಸಬಹುದಾದ ಲೆಕ್ಕ. ಇವುಗಳಲ್ಲಿ ಕೆಲವು ಒಂದು ಸಮುದಾಯದ ಆಸರೆಯಲ್ಲೇ ಆರಂಭವಾದುವು ಎಂಬುದು ನಿಜ. ಸಮುದಾಯದಲ್ಲಿ ಹುಟ್ಟುವುದು ದೋಷವಲ್ಲ. ಸಮುದಾಯದೊಳಗೇ ಉಳಿದುಬಿಡುವುದು ದೋಷ. ಇವು ಬೆಳೆದದ್ದು ಬಾಗಿಲನ್ನು ಎಲ್ಲರಿಗೂ ತೆರೆದುದರಿಂದ.

ಈಗ ನಮ್ಮ ಇಂದಿನ ಸ್ಥಿತಿಗೆ ಬರೋಣ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್‌ನಲ್ಲಿ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಲೀನವಾದುವು. ಫಲಕಗಳು ಬದಲಾದಾಗ ನಾವು ಸಭೆ ನಡೆಸಿದೆವು, ಮನವಿ ಸಲ್ಲಿಸಿದೆವು, ದುಃಖಪಟ್ಟೆವು. ಆದರೆ ಹೆಸರುಗಳಿಗಾಗಿ ಮರುಗಿದ ನಾವು, ಆ ಹೆಸರುಗಳನ್ನು ಕಟ್ಟಿದ ಗುಣವನ್ನು ಉಳಿಸಿಕೊಂಡಿದ್ದೇವೆಯೇ?

ಮೊದಲು ಮುಸ್ಲಿಮ್ ಸಮುದಾಯದ ವಿಚಾರವನ್ನೇ ತೆಗೆದುಕೊಳ್ಳುತ್ತೇನೆ. ಹಲವು ದಶಕಗಳಿಂದ ಕೊಲ್ಲಿ ರಾಷ್ಟ್ರಗಳಿಂದ ಈ ಕರಾವಳಿಗೆ ಹಣ ಬರುತ್ತಿದೆ. ಮರಳುಗಾಡಿನ ಬಿಸಿಲಲ್ಲಿ ಬೆವರು ಸುರಿಸಿ ಗಳಿಸಿದ ಹಣವದು. ಅದರ ದೊಡ್ಡ ಪಾಲು ಎಲ್ಲಿಗೆ ಹೋಗಿದೆ? ವಾಸಕ್ಕೆ ಜನರಿಲ್ಲದ ಭವ್ಯ ಮನೆಗಳಿಗೆ, ಚಿನ್ನಕ್ಕೆ, ಒಂದೇ ದಿನದಲ್ಲಿ ಮುಗಿದುಹೋಗುವ ಅದ್ದೂರಿ ಮದುವೆಗಳಿಗೆ. ಮರಳಿ ಬಂದ ಯುವಕನು ಕೈಯಲ್ಲಿ ಕಸುಬಿದ್ದರೂ ಜೊತೆಗೂಡುವವರಿಲ್ಲದೆ ಮತ್ತೆ ವೀಸಾಕ್ಕಾಗಿ ಅಲೆಯುತ್ತಾನೆ. ಇತ್ತ ಬ್ಯಾಂಕಿನ ಬಾಗಿಲೂ ಅವನಿಗೆ ಪೂರ್ತಿ ತೆರೆದಿಲ್ಲ. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ, ಆದ್ಯತಾ ವಲಯದ ಸಾಲದ ಖಾತೆಗಳಲ್ಲಿ ಮುಸ್ಲಿಮರ ಪಾಲು ಶೇ. 12ರಷ್ಟಿದ್ದರೂ ಸಾಲದ ಮೊತ್ತದಲ್ಲಿ ಅವರ ಪಾಲು ಶೇ. 5ನ್ನೂ ತಲುಪಿರಲಿಲ್ಲ.

ಬಡ್ಡಿಯ ಪ್ರಶ್ನೆ ಇಲ್ಲಿ ಸಹಜವಾಗಿ ಎದುರಾಗುತ್ತದೆ. ಬಡ್ಡಿಯಿಂದ ದೂರವಿರಬೇಕೆಂಬ ಕಾಳಜಿಯನ್ನು ನಾನು ಗೌರವಿಸುತ್ತೇನೆ. ರಘುರಾಮ್ ರಾಜನ್ ಸಮಿತಿಯು 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಸೌಲಭ್ಯವನ್ನು ಶಿಫಾರಸು ಮಾಡಿತ್ತು. ಆದರೆ ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು 2017ರಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿತು. ಹಾಗಾದರೆ ದಾರಿ ಮುಚ್ಚಿತೇ? ಇಲ್ಲ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಮೊದಲೇ ಒಪ್ಪಿದ ಪಾಲು ಎಂಬ ‘ಮುದಾರಬ’ದ ಪಾಲುದಾರಿಕೆಯನ್ನು ಇಸ್ಲಾಮೀ ಕರ್ಮಶಾಸ್ತ್ರವು ಶತಮಾನಗಳಿಂದ ವಿವರಿಸುತ್ತಾ ಬಂದಿದೆ. ಪಾಲುದಾರರಾಗಿ ವ್ಯಾಪಾರ ಮಾಡಲು ನಮ್ಮ ದೇಶದಲ್ಲಿ 1932ರ ಪಾಲುದಾರಿಕೆ ಕಾಯ್ದೆಯಿದೆ. ಕೊರತೆಯಿರುವುದು ಶಾಸ್ತ್ರದಲ್ಲೂ ಅಲ್ಲ, ಕಾನೂನಿನಲ್ಲೂ ಅಲ್ಲ. ಪರಸ್ಪರ ಲೆಕ್ಕ ಕೇಳುವ ಮತ್ತು ಕೊಡುವ ಅಭ್ಯಾಸದಲ್ಲಿ.

ಈ ಅಭ್ಯಾಸವಿಲ್ಲದ ವಿಶ್ವಾಸ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು 2019ರಲ್ಲಿ ಬೆಂಗಳೂರಿನ ಐ.ಎಂ.ಎ. ಪ್ರಕರಣವು ನಮಗೆ ತೋರಿಸಿಕೊಟ್ಟಿತು. ಹಲಾಲ್ ಹೂಡಿಕೆಯೆಂಬ ಹೆಸರನ್ನು ನಂಬಿ ಹತ್ತಾರು ಸಾವಿರ ಮಂದಿ ಹಣ ತೊಡಗಿಸಿದ್ದರು. ಅವರಲ್ಲಿ ವಿಧವೆಯರಿದ್ದರು, ನಿವೃತ್ತರಿದ್ದರು, ಮಗಳ ಮದುವೆಗೆಂದು ಕೂಡಿಟ್ಟ ತಂದೆಯಂದಿರಿದ್ದರು. ಕಾಗದದ ಮೇಲೆ ಅವರು ಪಾಲುದಾರರಾಗಿದ್ದರು. ಆದರೆ ನಮ್ಮ ಹಣದಿಂದ ಯಾವ ವ್ಯಾಪಾರ ನಡೆಯುತ್ತಿದೆ, ತಿಂಗಳು ತಿಂಗಳು ಬರುವ ಲಾಭದ ಮೂಲ ಯಾವುದು ಎಂದು ಪ್ರಶ್ನಿಸಿದವರೆಷ್ಟು ಮಂದಿ? ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಮತ್ತು ಸಾಕ್ಷಿಗಳನ್ನು ನಿಲ್ಲಿಸುವ ಕುರಿತಾಗಿದೆ. ಬರೆದಿಡು ಎಂದು ಇಷ್ಟು ವಿವರವಾಗಿ ಬೋಧಿಸಲ್ಪಟ್ಟ ಸಮುದಾಯವು ಗಡ್ಡ ಮತ್ತು ಭಾಷಣವನ್ನು ನೋಡಿ ಹಣ ಒಪ್ಪಿಸಿತೆಂದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಯಾವುದಿದೆ?

ಇನ್ನು ಇಡೀ ನಾಡಿಗೆ ಸಂಬಂಧಿಸಿದ ಮಾತು. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯಿಂದ ಆರಂಭಿಸಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರುಗಳು ಕಾಣಿಸಿಕೊಂಡುವು. ಮೂಲ್ಕಿಯ ಬಪ್ಪನಾಡು ದೇವಾಲಯದ ಹೆಸರನ್ನೇ ಬಪ್ಪ ಬ್ಯಾರಿ ಎಂಬ ವರ್ತಕನೊಂದಿಗೆ ಜೋಡಿಸಿ ಐತಿಹ್ಯ ಹೇಳುವ ನಾಡಿದು. ಅಲ್ಲೂ ಅಂತಹ ಬ್ಯಾನರು ಬಿತ್ತು. ಜಾತ್ರೆಯಲ್ಲಿ ಬಳೆ, ಆಟಿಕೆ, ಹಣ್ಣು ಮಾರುವವನು ಲಕ್ಷಾಧೀಶನಲ್ಲ. ಊರಿಂದೂರಿಗೆ ಗಂಟು ಹೊತ್ತು ತಿರುಗುವ ಅವನ ವರ್ಷದ ಆದಾಯ ಕೆಲವೇ ತಿಂಗಳ ಜಾತ್ರೆಗಳಲ್ಲಿದೆ. ಅವನನ್ನು ಹೊರಗಟ್ಟಿದಾಗ ನಷ್ಟವಾದುದು ಅವನೊಬ್ಬನಿಗೇ ಅಲ್ಲ. ಅವನಿಗೆ ಸರಕು ಕೊಟ್ಟ ಸಗಟು ವ್ಯಾಪಾರಿಗೆ, ವಾಹನದ ಚಾಲಕನಿಗೆ, ಪಕ್ಕದ ಹೊಟೇಲಿನವನಿಗೆ ಸಹ. ಇದಕ್ಕೆ ಉತ್ತರವಾಗಿ ನಾವೂ ನಮ್ಮವರಿಂದಲೇ ಕೊಳ್ಳೋಣ ಎಂಬ ಸಂದೇಶಗಳನ್ನು ಹಂಚುವವರಿಗೂ ನಾನು ಹೇಳುತ್ತೇನೆ: ಬಹಿಷ್ಕಾರಕ್ಕೆ ಬಹಿಷ್ಕಾರ ಮದ್ದಲ್ಲ. ಎರಡೂ ಸೇರಿ ಒಡೆಯುವುದು ಒಂದೇ ಮಾರುಕಟ್ಟೆಯನ್ನು.

ಹಾಗಾದರೆ ಮಾಡಬೇಕಾದುದೇನು? ನಾನು ದೊಡ್ಡ ಯೋಜನೆಗಳನ್ನು ಹೇಳುವುದಿಲ್ಲ. ನಾಲ್ಕು ಸಣ್ಣ ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಪ್ರತಿ ತಾಲೂಕು ಕೇಂದ್ರದಲ್ಲಿ ಎಲ್ಲ ಧರ್ಮಗಳ ವರ್ತಕರು, ಕಾಲೇಜು ಅಧ್ಯಾಪಕರು, ವೈದ್ಯರು, ಪುರಸಭೆಯ ಸದಸ್ಯರು ತಿಂಗಳಿಗೊಮ್ಮೆ ಒಂದೆಡೆ ಸೇರಲಿ. ಭಾಷಣಕ್ಕಲ್ಲ. ಸಂತೆಯ ಕಸ, ಮೀನು ಮಾರುಕಟ್ಟೆಯ ನೀರು, ಕೆಟ್ಟ ರಸ್ತೆ, ಖಾಲಿ ಬಿದ್ದ ಮಳಿಗೆ, ಇಂತಹ ಒಂದೊಂದೇ ವಿಷಯವನ್ನು ಎತ್ತಿಕೊಂಡು ಮುಗಿಸುವುದಕ್ಕೆ.

ಎರಡನೆಯದಾಗಿ, ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕೇಂದ್ರ ಕಾಯ್ದೆಯಿದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳದ್ದೇ ಆಗಿರಬೇಕು, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿಮ್ಮ ಊರಿನಲ್ಲಿ ಆ ಸಮಿತಿ ಇದೆಯೇ, ಸಭೆ ಸೇರುತ್ತಿದೆಯೇ ಎಂದು ವಿಚಾರಿಸಿರಿ. ತಳ್ಳುಗಾಡಿಯವನಿಗೆ ಕನಿಕರಕ್ಕಿಂತ ಅವನ ಹಕ್ಕಿನ ಕಾಗದವನ್ನು ತೆಗೆಸಿಕೊಡುವುದು ಹೆಚ್ಚು ಉಪಕಾರಿ.

ಮೂರನೆಯದಾಗಿ, ಪ್ರತಿಯೊಬ್ಬ ವರ್ತಕನೂ ತನ್ನ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಕಚೇರಿಯಲ್ಲಿ ವರ್ಷಕ್ಕೆ ಇಬ್ಬರು ತರುಣ ತರುಣಿಯರಿಗೆ ಕೆಲಸ ಕಲಿಸಲಿ. ಆ ಇಬ್ಬರಲ್ಲಿ ಒಬ್ಬರು ಕಡ್ಡಾಯವಾಗಿ ಬೇರೆ ಸಮುದಾಯದವರಾಗಿರಲಿ. ಒಂದೇ ಅಂಗಡಿಯಲ್ಲಿ ಒಂದು ವರ್ಷ ಜೊತೆಗೆ ದುಡಿದವರ ನಡುವೆ ವದಂತಿಗೆ ಜಾಗ ಸಿಗುವುದು ಕಷ್ಟ.

ನಾಲ್ಕನೆಯದಾಗಿ, ಮೂವರು ಸೇರಿ ಹಣ ಹಾಕಿದರೂ ಸರಿ, ಮುನ್ನೂರು ಮಂದಿ ಹಾಕಿದರೂ ಸರಿ, ಪತ್ರ ನೋಂದಣಿಯಾಗಲಿ. ಪಾಲುದಾರಿಕೆಗೆ ಸೇರದ ಹೊರಗಿನವನೊಬ್ಬನಿಂದ ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆಯಾಗಲಿ, ಅದರ ಒಂದು ಪ್ರತಿ ಗೋಡೆಯ ಮೇಲೆ ತೂಗಲಿ. ಲೆಕ್ಕ ಕೇಳಿದವನನ್ನು ಅವಿಶ್ವಾಸಿಯೆಂದು ಕರೆಯುವ ಸಂಸ್ಥೆಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ.

ಇವೆಲ್ಲ ಬಹಳ ಸಣ್ಣ ಕೆಲಸಗಳಲ್ಲವೇ ಎಂದು ನೀವು ಕೇಳಬಹುದು. ಹೌದು, ಸಣ್ಣವೇ. ಆದರೆ 1906ರಲ್ಲಿ ಉಡುಪಿಯ ಆ ಹಿರಿಯರು ಕೋಟಿ ರೂಪಾಯಿ ಸೇರುವವರೆಗೆ ಕಾದು ಕುಳಿತಿದ್ದರೆ ಆ ಬ್ಯಾಂಕು ಹುಟ್ಟುತ್ತಿರಲಿಲ್ಲ. ನಿಮ್ಮಲ್ಲಿ ಬಂಡವಾಳವಿದೆ, ಅನುಭವವಿದೆ, ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದೆ. ಮುಂದಿನ ತಿಂಗಳು ನಡೆಯುವ ಮೊದಲ ಸಭೆಗೆ ಬರುವಾಗ ನೀವು ಒಬ್ಬರೇ ಬರಬೇಡಿರಿ. ನಿಮ್ಮ ಪಕ್ಕದ ಅಂಗಡಿಯವರನ್ನೂ ಕರೆದುಕೊಂಡು ಬನ್ನಿರಿ. ಅವರು ನಿಮ್ಮ ಧರ್ಮದವರಲ್ಲದಿದ್ದರೆ ಇನ್ನೂ ಒಳ್ಳೆಯದು.