ಪಾದ್ರಿಗಳ ಕಾಗದ, ಕೂಲಿಕಾರರ ಲೆಕ್ಕ

(ಬಳ್ಳಾರಿಯಲ್ಲಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಿರುಗುಪ್ಪದ ಭತ್ತದ ವ್ಯಾಪಾರಿಗಳೂ ಕುರುಗೋಡಿನ ಕಡೆಯ ಕೂಲಿಕಾರರೂ ಇಲ್ಲಿ ನೆರೆದಿದ್ದೀರಿ. ನೂರು ವರ್ಷದ ಹಿಂದೆ ಪಾದ್ರಿಗಳು ಬರೆದ ಕಾಗದಗಳಿಂದ ನಮಗೇನಾಗಬೇಕಾಗಿದೆ ಎಂದು ನೀವು ಕೇಳಬಹುದು. ಆಗಬೇಕಾದ್ದು ಬಹಳ ಇದೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ನಿಘಂಟು ಮಾಡಿದ ರೀವ್ ಆ ಮಿಷನ್ನಿನವನೇ. ನಮ್ಮ ವಾರ್ಡ್ಲಾ ಶಾಲೆಯೂ ಅದರದೇ. ಇವರ ನಂತರ ಬಂದವರೂ ಲಂಡನ್ನಿನ ಕಚೇರಿಗೆ ಕಾಗದ ಬರೆದರು, ವರ್ಷದ ವರದಿ ಕಳಿಸಿದರು. ಆ ಮಿಷನ್ನಿನ ದಫ್ತರವೆಲ್ಲ ಇಂದು ಲಂಡನ್ನಿನ ಸೋಯಾಸ್ ವಿದ್ಯಾಸಂಸ್ಥೆಯ ಗ್ರಂಥಾಲಯದಲ್ಲಿದೆ.

ಅದನ್ನು ಓದುವುದು ಹೇಗೆ? ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ. ಪರಸ್ಥಳದ ಗುಮಾಸ್ತ ಯಜಮಾನನಿಗೆ ಬರೆದ ಪತ್ರವನ್ನು ನೀವು ಹೇಗೆ ಓದುತ್ತೀರೋ ಹಾಗೆ. ಪತ್ರ ಸುಳ್ಳಾಗಿರಬೇಕಿಲ್ಲ. ಆದರೆ ಅದು ಹಣ ಕೊಡುವವನಿಗೆ ಬರೆದದ್ದು. ಮಿಷನ್ನಿಗೆ ಹಣ ಬರುತ್ತಿದ್ದುದು ಬಹುಪಾಲು ಇಂಗ್ಲೆಂಡಿನ ಚರ್ಚುಗಳ ವಂತಿಗೆಯಿಂದ. ಶಾಲೆ ಕಟ್ಟಿದ್ದು, ರೋಗಿಗಳನ್ನು ನೋಡಿಕೊಂಡದ್ದು ನಿಜವಾದ ಸೇವೆಯೇ. ಆದರೆ ಊರೂರು ಅಲೆದ ಕನ್ನಡದ ಉಪದೇಶಿ ತನ್ನ ಸಂಬಳದ ಬಗ್ಗೆ, ಮರ್ಯಾದೆಯ ಬಗ್ಗೆ ಏನೆಂದುಕೊಂಡ? ಅದು ಹೆಚ್ಚಾಗಿ ಮತ್ತೊಬ್ಬರ ಲೇಖನಿಯಿಂದಲೇ ನಮಗೆ ಸಿಗುತ್ತದೆ.

1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಅದಕ್ಕೆ ಮುಂಚೆ ದೇಶದೇಶಗಳಿಗೆ ಪ್ರಶ್ನಾವಳಿ ಕಳಿಸಿ ನೂರಾರು ಉತ್ತರಗಳನ್ನು ತರಿಸಿಕೊಂಡರು. ಉತ್ತರ ಬರೆದವರಲ್ಲಿ ಬಹುಪಾಲು ಪರದೇಶದ ಪಾದ್ರಿಗಳು. ಸುಮಾರು 1200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಆ ಸಭೆಯಲ್ಲಿ ನಮ್ಮ ದಕ್ಷಿಣದ ವಿ. ಎಸ್. ಅಜರಯ್ಯ ಎದ್ದು ನಿಂತು, ನೀವು ತ್ಯಾಗ ಮಾಡಿದ್ದೀರಿ, ನಾವು ಕೃತಜ್ಞರು, ಆದರೆ ನಮಗೆ ಸಮಾನರ ಸ್ನೇಹ ಬೇಕು ಎಂಬ ಅರ್ಥದಲ್ಲಿ ಮಾತನಾಡಿದರು. ಅನೇಕರಿಗೆ ಮಾತು ಕಹಿಯಾಯಿತು. ಎರಡೇ ವರ್ಷದಲ್ಲಿ, 1912ರಲ್ಲಿ, ಅವರೇ ದೋರ್ನಕಲ್ಲಿನ ಬಿಷಪ್ಪರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರು.

ಇನ್ನು ಕಾರ್ಮಿಕರ ಮಾತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇಯ್ಗೆಯ ಕಾರ್ಖಾನೆಗಳನ್ನೂ ನಡೆಸಿದರು. ಜಾತಿ ಬಿಟ್ಟು ಬಂದು ನೆಲೆ ಕಳೆದುಕೊಂಡವರಿಗೆ ಅಲ್ಲಿ ಕೂಲಿ ಸಿಕ್ಕಿತು. ಆದರೆ ಪಾದ್ರಿಯ ಸಂಘವೂ ಕೆಲಸ ಕೊಡುವ ಧಣಿಯೂ ಒಂದೇ ಕಡೆಯವರಾದರೆ ಕೂಲಿಕಾರ ತನ್ನ ದೂರನ್ನು ಯಾರಿಗೆ ಬರೆಯಬೇಕು? 1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು. ಅನೇಕರನ್ನು 1915-16ರಲ್ಲಿ ಗೋಲ್ಕೊಂಡಾ ಎಂಬ ಹಡಗಿನಲ್ಲಿ ಯೂರೋಪಿಗೆ ಸಾಗಿಸಲಾಯಿತು. ಕಾರ್ಖಾನೆಗಳು 1919ರ ಹೊತ್ತಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈ ಸೇರಿದವು. ಒಡೆಯರು ಬದಲಾದರು; ಹಂಚು ಸುಟ್ಟವರನ್ನು ಯಾರೂ ಕೇಳಲಿಲ್ಲ.

ಆದರೂ ಪಾದ್ರಿಗಳಿಂದ ಒಂದು ಗುಣವನ್ನು ಕಲಿಯಬೇಕು. ಅವರು ಕಾಗದ ಎಸೆಯಲಿಲ್ಲ. ಬಾಸೆಲ್ಲಿನಲ್ಲಿ, ಮಂಗಳೂರಿನ ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಆ ದಾಖಲೆಗಳನ್ನು ಜೋಪಾನ ಮಾಡಿದ್ದಾರೆ. ಅದರಿಂದಲೇ ಇಂದು ಅವರ ಒಳ್ಳೆಯದನ್ನೂ ಕೆಟ್ಟದ್ದನ್ನೂ ನಾವು ತೂಗಿ ನೋಡಬಹುದು.

ನಮ್ಮ ಕಾಗದ ಎಲ್ಲಿದೆ? ಗಿರಣಿಯ ಹಾಜರಿ ಚೀಟಿ ಒಲೆಗೆ ಹೋಗುತ್ತದೆ. ಸಂಘದ ನಡಾವಳಿ ಪುಸ್ತಕ ಕಾರ್ಯದರ್ಶಿ ಬದಲಾದಾಗ ಕಾಣೆಯಾಗುತ್ತದೆ. ಅಂಗಡಿಯ ಹಳೆಯ ಖಾತೆ ರದ್ದಿಗೆ ಬೀಳುತ್ತದೆ. ನಾಳೆ ಯಾರಾದರೂ ಬಳ್ಳಾರಿಯ ದುಡಿಯುವವರ ಕಥೆ ಬರೆಯಹೊರಟರೆ ಅವರಿಗೆ ಸಿಗುವುದು ಮಾಲೀಕರ ಕಡತ ಮತ್ತು ಸರ್ಕಾರದ ಕಡತ ಮಾತ್ರ.

ಆದ್ದರಿಂದ ಪ್ರತಿ ಸಂಘವೂ ಒಂದು ಕಬ್ಬಿಣದ ಪೆಟ್ಟಿಗೆ ಕೊಳ್ಳಲಿ. ಕೂಲಿ ಚೀಟಿ, ಮನವಿ, ಬಂದ ಉತ್ತರ, ಮುಷ್ಕರದ ಕರಪತ್ರ, ಎಲ್ಲವನ್ನೂ ತಾರೀಕು ಹಾಕಿ ಇಡಲಿ. ಓದು ಬಾರದವರ ಮಾತನ್ನು ಓದು ಬಲ್ಲವರು ಬರೆದುಕೊಂಡು, ಓದಿ ಕೇಳಿಸಿ, ಹೆಬ್ಬೆಟ್ಟು ಹಾಕಿಸಿಕೊಳ್ಳಲಿ. ಈ ಕೆಲಸ ಬರುವ ತಿಂಗಳ ಸಂಬಳದ ದಿನದಿಂದಲೇ ಶುರುವಾಗಲಿ.